ಒಂದು ಮಾತು ಬಿಟ್ಟು ಪ್ರಾರ್ಥಿಸುತ್ತಿದ್ದ ಎಸ್ತೇರಾಯಿ

ಬೀದರಿನ ನಮ್ಮ ಚರ್ಚಿನಲ್ಲಿ ರವಿವಾರ ಕರ್ತನ ಪ್ರಾರ್ಥನೆ ಶುರುವಾಯಿತೆಂದರೆ ಹೆಂಗಸರ ಚಾಪೆಯಿಂದ ಎಲ್ಲರಿಗಿಂತ ಜೋರಾಗಿ ಏಳುತ್ತಿದ್ದದ್ದು ಎಸ್ತೇರಾಯಿಯ ದನಿ. ಮೈಕು ಹಿಡಿದ ಪಾಸ್ಟರನ್ನೂ ಹಿಂದೆ ಹಾಕುವ ದನಿ. ಆದರೆ ನಡುವೆ ಒಂದು ಮಾತು ಬರುತ್ತದಲ್ಲ, ನಮಗೆ ಕೆಟ್ಟದ್ದು ಮಾಡಿದವರನ್ನು ನಾವು ಮಾಫಿ ಮಾಡಿದ ಹಾಗೆ ನೀನು ನಮ್ಮನ್ನು ಮಾಫಿ ಮಾಡು ಎಂದು ದೇವರಿಗೆ ಹೇಳುವ ಮಾತು, ಅಲ್ಲಿಗೆ ಬಂದ ಕೂಡಲೇ ಆಯಿ ಬಾಯಿ ಮುಚ್ಚುತ್ತಿದ್ದಳು. ತುಟಿ ಕೂಡ ಅಲ್ಲಾಡುತ್ತಿರಲಿಲ್ಲ. ಸಭೆಯೆಲ್ಲ ಆ ಮಾತು ದಾಟಿದ ಮೇಲೆ ಮತ್ತೆ ಅದೇ ಗಂಟಲಿನಿಂದ ಸೇರಿಕೊಳ್ಳುತ್ತಿದ್ದಳು. ನನಗೆ ಬುದ್ಧಿ ಬಂದಾಗಿನಿಂದ ನೋಡಿದ್ದೇನೆ, ಒಂದು ವಾರವೂ ತಪ್ಪಿಲ್ಲ.

ಹೊಸದಾಗಿ ಬಂದ ಪಾಸ್ಟರುಗಳ ಕಣ್ಣಿಗೆ ಇದು ಬೀಳದೆ ಇರುತ್ತಿರಲಿಲ್ಲ. ಒಬ್ಬರು ಆರಾಧನೆ ಮುಗಿದ ಮೇಲೆ ಬಾಗಿಲಲ್ಲೇ ಹಿಡಿದು ನಿಲ್ಲಿಸಿದರು.

“ಆಯಿ, ಆ ಒಂದು ಮಾತು ಯಾಕ ಬಿಡ್ತೀರಿ?”

“ಹೇಳಿದ್ರ ಸುಳ್ಳ ಆಗ್ತದ್ರಿ.”

“ಹಂಗಾದ್ರ ಮೊದ್ಲ ಮಾಫಿ ಮಾಡಿಬಿಡ್ರಿ. ಆಮ್ಯಾಲ ಹೇಳ್ರಿ.”

“ಮನಷ್ಯಾರ ಮುಂದ ಸುಳ್ಳ ಹೇಳಿ ದಕ್ಕಿಸ್ಕೋಬಹುದು ಪಾಸ್ಟರ. ದೇವ್ರ ಮುಂದ ಕಣ್ ಮುಚ್ಚಿ ಸುಳ್ಳ ಹೇಳು ಅಂತೀರೇನು? ನಿಮಗ ಪಗಾರ ಅದಕ್ಕ ಕೊಡ್ತಾರೇನು?”

ಪಾಸ್ಟರು ಮತ್ತೆ ಆ ಕಡೆ ಹೋಗಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ಆಗಿದ್ದು ಆಯ್ತು, ಮರೆತು ಮುಂದೆ ಹೋಗಿ’ ಎಂದು ಕೆಳಗೆ ಕಾಮೆಂಟು ಹಾಕಲು ಬೆರಳು ತುರಿಸುತ್ತಿದ್ದರೆ ಇಲ್ಲಿಂದಲೇ ಹೊರಡಿ. ಇದು ಮರೆಯುವ ಕಥೆಯಲ್ಲ. ನನಗೆ ಸಿಟ್ಟು ಇಳಿದಿಲ್ಲ, ಇಳಿಯಲಿ ಎಂದು ಬರೆಯುತ್ತಲೂ ಇಲ್ಲ.

ಎಸ್ತೇರಾಯಿ ಗಿಡ್ಡ ಹೆಂಗಸು. ಮೈಗೆ ಹೊಂದದಷ್ಟು ದೊಡ್ಡ ಅಂಗೈ. ದವಾಖಾನೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದು ನಿವೃತ್ತಳಾದವಳು. ನಮ್ಮ ಕಾಲೋನಿಯ ಅರ್ಧ ಜನ ಮೊದಲು ಬಿದ್ದದ್ದು ಆ ಅಂಗೈಗೇ. ಅವಳ ಮನೆಯ ಸ್ಟವ್ ಮೇಲೆ ಯಾವಾಗಲೂ ತಾಮ್ರದ ಒಂದು ದೇಗ್ಚಿ ಕುದಿಯುತ್ತಿತ್ತು. ನೆಗ್ಗಿದ, ಒಂದು ಕಿವಿ ಕಿತ್ತುಹೋದ ದೇಗ್ಚಿ. ಅದರಲ್ಲಿ ಅಡುಗೆ ಮಾಡುತ್ತಿರಲಿಲ್ಲ. ಕತ್ತರಿ, ಬ್ಲೇಡು, ಸೂಜಿ, ಕೂಸಿಗೆ ಔಷಧ ಹಾಕುವ ಚಮಚ, ಕೊನೆಗೆ ಮಾವಿನಹಣ್ಣು ಕೊಯ್ಯುವ ಚಾಕು, ಎಲ್ಲವೂ ಅದರಲ್ಲಿ ಕುದಿದೇ ಹೊರಗೆ ಬರಬೇಕು. “ಇಕಿ ಕುದಸದೇ ಬಿಟ್ಟಿದ್ದು ಪಾಸ್ಟರನ್ನ ಒಬ್ರನ್ನ” ಎಂದು ಅವಳ ಗಂಡ ದಾವೀದಪ್ಪ ನಗುತ್ತಿದ್ದ.

ದಾವೀದಪ್ಪ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ತೊಗರಿ ಚೀಲ ಹೊತ್ತು ಹೊತ್ತು ಒಂದು ಹೆಗಲು ಇಳಿದುಹೋಗಿತ್ತು. ಮನೆಯ ಗೋಡೆಗೆ ಚರ್ಮದ ಒಂದು ಹಲಗೆ, ತಮಟೆಯಂಥದ್ದು, ತೂಗಿಹಾಕಿದ್ದ. ಅದನ್ನು ಬಡಿದದ್ದು ನಾವು ಯಾರೂ ಕೇಳಿಲ್ಲ. ರವಿವಾರ ಒಗೆದ ಧೋತರ ಉಟ್ಟು ಹೆಂಡತಿಯ ಜೊತೆ ಚರ್ಚಿಗೆ ಬರುತ್ತಿದ್ದ, ಮೆಟ್ಟಿಲ ತನಕ. ಅವಳು ಒಳಗೆ, ಅವನು ಮೆಟ್ಟಿಲ ಮೇಲೆ. ಜನ ಬಿಟ್ಟುಹೋದ ಚಪ್ಪಲಿಗಳನ್ನು ಜೋಡಿ ಮಾಡಿ ಸಾಲಾಗಿ ಇಡುತ್ತ, ಒಳಗಿನ ಹಾಡಿಗೆ ಮೊಣಕಾಲ ಮೇಲೆ ಬೆರಳಾಡಿಸುತ್ತ ಕೂತಿರುತ್ತಿದ್ದ. ಮಳೆ ಬಂದರೆ ಬಾಗಿಲ ಚೌಕಟ್ಟಿಗೆ ಒರಗುತ್ತಿದ್ದ, ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. ಅವನು ತೀರಿಕೊಂಡಾಗ ನಾನು ಕಾಲೇಜಿನಲ್ಲಿದ್ದೆ. ‘ಪಾಪ, ಸ್ವಲ್ಪ ತಲೆ ಸರಿ ಇರಲಿಲ್ಲ’ ಎಂದು ಕಾಲೋನಿ ಒಂದೇ ಮಾತಿನಲ್ಲಿ ಅವನನ್ನು ಮುಗಿಸಿತು.

ಆಯಿ ಕೂರುವ ಜಾಗವೂ ಖಾಯಂ. ಹೆಂಗಸರ ಕಡೆ ಗೋಡೆಯಲ್ಲಿ ಒಂದು ಬಿಳಿ ಅಮೃತಶಿಲೆಯ ಕಲ್ಲು ಕೂರಿಸಿದ್ದಾರೆ. ಹಳೆಯ ಕಾಲದ ದೊಡ್ಡ ಪಾದ್ರಿಯ ಹೆಸರು, ಕೆಳಗೆ ‘ನಂಬಿಗಸ್ತನಾದ ಕುರುಬ’ ಎಂದು ಕೆತ್ತನೆ. ಆಯಿ ಕೂರುತ್ತಿದ್ದದ್ದು ನೆಟ್ಟಗೆ ಅದರ ಕೆಳಗೆ, ಕಲ್ಲಿಗೆ ಬೆನ್ನು ಕೊಟ್ಟು.

ಅವಳು ಮಾಫಿ ಮಾಡದೇ ಇದ್ದದ್ದು ಯಾರನ್ನು? ಯಾರನ್ನು ಕೇಳಿದರೂ ಒಂದೇ ಉತ್ತರ: ‘ಆಕಿ ಊರಿನ ಪಾಟೀಲನ್ನ.’ ನಾನೂ ಹಾಗೇ ನಂಬಿದ್ದೆ. ಖರೆ ಸಂಗತಿ ತಿಳಿದದ್ದು ನನ್ನ ಮಗಳು ಹುಟ್ಟಿದಾಗ. ನನ್ನ ಬಾಣಂತನ ಆಯಿಯೇ ಮಾಡಿದಳು. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತ, ಅದರ ಮೂಗು ತೀಡುತ್ತ, ದಿನಕ್ಕಿಷ್ಟು ಹೇಳಿದಳು. ಪರದೆಯ ಆಚೆ ಪಡಸಾಲೆಯಲ್ಲಿ ನಮ್ಮಪ್ಪ ಪೇಪರು ಹಿಡಿದು ಕೂತಿರುತ್ತಿದ್ದ. ಅಪ್ಪ ನಿವೃತ್ತ ಮಾಸ್ತರ. ಅವನೂ ಆಯಿಯ ಊರಿನವನೇ, ಅದೇ ಓಣಿಯವನು.

ಔರಾದ ತಾಲೂಕಿನ ಒಂದು ಊರು. ಹೆಸರು ಬರೆಯುವುದಿಲ್ಲ, ಪಾಟೀಲನ ವಾಡೆಯ ಮೊಮ್ಮಕ್ಕಳು ಇದನ್ನು ಓದುತ್ತಾರೆ, ಅವರಲ್ಲಿ ಒಳ್ಳೆಯವರಿದ್ದಾರೆ. ಆಯಿ ಆಗ ಇಪ್ಪತ್ತರ ಆಸುಪಾಸಿನ ಸೊಸೆ, ಊರಿಗೆಲ್ಲ ಸೂಲಗಿತ್ತಿ. ದಾವೀದಪ್ಪ ಊರ ಹಲಗೆ ಬಡಿಯುವವನು. ಕೆಳಗಿನ ಓಣಿಯಲ್ಲಿ ನಾಲ್ಕು ಮನೆ ಕ್ರೈಸ್ತರು, ಪ್ರಾರ್ಥನೆಗೆ ಒಂದು ಮಣ್ಣಿನ ಕೋಣೆ. ನಮ್ಮ ಬೀದರ ಹೈದರಾಬಾದಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯ ಸೇರಿದ ವರ್ಷ ಅದು.

“ರಾಜ್ಯ ಸೇರಿದ ದಿನ ಊರಾಗ ಝಂಡಾ ಹಿಡದು ಮೆರವಣಗಿ ಮಾಡಿದ್ರು. ಮುಂದ ಹಲಗಿ ಹೊಡದಂವ ನನ್ನ ಗಂಡ. ಕುಣದು ಕುಣದು ಹೊಡದ. ಇನ್ನ ನಮ್ಮ ಸರ್ಕಾರ ಬಂತು, ಯಾರಿಗೂ ಅಂಜೋದಿಲ್ಲ ಅಂದ. ಆ ಹಲಗಿ ಇನ್ನಾ ಬೆಚ್ಚಗ ಇತ್ತು, ಅಷ್ಟರಾಗ ಅದೇ ಊರು ನಮಗ ನೀರ್ ಬಂದ್ ಮಾಡ್ತು.”

ಯಾಕೆ ಬಂದ್ ಮಾಡಿತು ಎಂಬುದಕ್ಕೆ ಒಂದು ಪದ್ಧತಿ ಗೊತ್ತಿರಬೇಕು. ನಮ್ಮ ಕಡೆ ಕೂಸು ಹುಟ್ಟಿದ ಐದನೆಯ ದಿನ ಸಟವಿ ತಾಯಿ ಬಂದು ಅದರ ಹಣೆಬರಹ ಬರೆಯುತ್ತಾಳೆ ಎಂದು ನಂಬುತ್ತಾರೆ. ಬಚ್ಚಲ ಗೋಡೆಗೆ ಅರಿಶಿನ ಕುಂಕುಮ ಹಚ್ಚಿ, ಹೊಕ್ಕಳು ಕೊಯ್ದ ಕುಡಗೋಲನ್ನು ಅಲ್ಲಿಟ್ಟು ಪೂಜೆ ಮಾಡಬೇಕಾದವಳು ಸೂಲಗಿತ್ತಿ. ನಂಬುವವರು ನಂಬಲಿ, ನನ್ನ ಜಗಳ ಸಟವಿಯ ಜೊತೆ ಅಲ್ಲ. ಆಯಿ ಕ್ರೈಸ್ತಳಾದ ಮೇಲೆ ಊರಿಗೆ ಹೇಳಿದ್ದಳು, ‘ಕೂಸು ನಾ ಹಿಡೀತೇನಿ, ಪೂಜಾ ನನ್ನ ಕೈಲಿಂದ ಆಗಲ್ಲ.’ ಊರೂ ಒಪ್ಪಿತ್ತು. ಆಕೆಯ ಕೈ ಅಷ್ಟು ಚಲೋ ಇತ್ತು. ಐದನೆಯ ದಿನ ಬೇರೆ ಯಾರೋ ಹೆಂಗಸು ಪೂಜೆ ಮಾಡುತ್ತಿದ್ದಳು, ಆಯಿ ಆ ದಿನ ಬಿಟ್ಟು ಮಾರನೆಯ ದಿನ ಬಂದು ಎರೆಯುತ್ತಿದ್ದಳು. ಎರಡು ಮೂರು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ.

ಆಮೇಲೆ ಪಾಟೀಲನ ಮನೆಯಲ್ಲಿ ಗಂಡು ಹುಟ್ಟಿತು. ಆ ಮನೆಯ ರೂಢಿ ಎಂದರೆ ಗಂಡುಮಗುವಿನ ಹೊಕ್ಕಳನ್ನು ಹೊಲದ ಕುಡಗೋಲಿನಿಂದಲೇ ಕೊಯ್ಯಬೇಕು, ಹೊಲಕ್ಕೆ ವಾರಸದಾರ ಬಂದ ಎಂದು. ಜೋಳ ಕೊಯ್ದ ಕುಡಗೋಲು. ಆಯಿ ತನ್ನ ಬ್ಲೇಡನ್ನು ಮನೆಯಲ್ಲೇ ಕುದಿಸಿ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ದವಾಖಾನೆಯ ನರ್ಸಮ್ಮ ಹಾಗೆ ಹೇಳಿಕೊಟ್ಟಿದ್ದಳು. ಬ್ಲೇಡು ಬೇಡ ಎಂದರು. ಹಾಗಾದರೆ ಈ ಕುಡಗೋಲನ್ನಾದರೂ ಕುದಿಸಬೇಕು, ಒಂದು ಪಾತ್ರೆ ಕೊಡಿ ಎಂದಳು. ಪಾಟೀಲನ ತಾಯಿ ಬಾಗಿಲಲ್ಲೇ ನಿಂತಿದ್ದಳು.

“ನಮ್ಮ ಒಲಿ ಮ್ಯಾಲಿನ ಪಾತ್ರಿ ನಿನ್ನ ಕೈಯಾಗ ಕೊಡಬೇಕಾ?”

“ಒಡಕ ಗಡಿಗಿ ಆದ್ರೂ ನಡೀತದ್ರಿ.”

“ಕುಡಗೋಲ ಕುದಿಸಿ ಸಾರ ಮಾಡ್ತಿಯೇನ? ಸುಮ್ಮ ಕೊಯ್ಯಿ!”

ಕೋಣೆಯಲ್ಲಿದ್ದ ಹೆಂಗಸರೆಲ್ಲ ನಕ್ಕರಂತೆ. ಆಯಿ ಕುಡಗೋಲನ್ನು ತನ್ನ ಸೆರಗಿನಿಂದ ಒರೆಸಿ ಕೊಯ್ದಳು. ಕೂಸನ್ನು ಮುಟ್ಟಬಹುದು, ಬಸಿರನ್ನು ಮುಟ್ಟಬಹುದು, ರಕ್ತ ಬಾಚಬಹುದು. ಪಾತ್ರೆ ಮುಟ್ಟುವ ಹಾಗಿಲ್ಲ. 

ಐದರ ಪೂಜೆಯಾಯಿತು. ಅದಾದ ಎರಡು ಮೂರು ದಿನಕ್ಕೆ ಕೂಸಿನ ದವಡೆ ಬಿಗಿಯಿತು, ಮೊಲೆ ಹಿಡಿಯದಾಯಿತು, ಬಿಲ್ಲಿನ ಹಾಗೆ ಸೆಟೆದುಕೊಂಡು ಜೀವ ಬಿಟ್ಟಿತು. ಊರು ಕಾರಣ ಹುಡುಕಿತು. ಕುದಿಸದ ಆ ಕುಡಗೋಲು ಯಾರ ಕಣ್ಣಿಗೂ ಬೀಳಲಿಲ್ಲ. ಬಿದ್ದದ್ದು ಕ್ರೈಸ್ತ ಸೂಲಗಿತ್ತಿ.

ಚಾವಡಿಯಲ್ಲಿ ಪಾಟೀಲ ಹೇಳಿದ: “ಸಟವಿಗೆ ಸಿಟ್ಟ ಬಂದದ. ಕೂಸ ಹಿಡದ ಕೈ ಪೂಜಾ ಮಾಡ್ಲಿಲ್ಲ. ನೀ ಊರ ಮುಂದ ಅಕಿ ಕಲ್ಲಿಗೆ ಕಾಯಿ ಒಡದು, ಕುಂಕುಮಾ ಹಚ್ಕೊಂಡು, ನಿನ್ನ ಯೇಸು ಬಿಟ್ಟೇನಿ ಅನ್ನು. ಅಲ್ಲೀ ತನಕ ಬಾವಿ ಇಲ್ಲ, ಗಿರಣಿ ಇಲ್ಲ, ದುಕಾನ ಇಲ್ಲ.”

“ಕೂಸು ಹೋಗಿದ್ದಕ್ಕ ನನಗೂ ಸಂಕಟ ಅದ್ರಿ. ನಾನೇ ಹಿಡದ ಕೂಸು. ಕಾಯಿ ಮಾತ್ರ ಒಡಿಯಂಗಿಲ್ಲ.”

ನಾಲ್ಕು ಮನೆಗಳಲ್ಲಿ ಮೂರು ಮನೆಯವರು ಅದೇ ವಾರ ಕಾ‌ಯಿ ಒಡೆದರು. ಪ್ರಾರ್ಥನೆಯ ಕೋಣೆಯ ಗೋಡೆಯನ್ನು ಗುದ್ದಲಿಯಿಂದ ಕೆಡವಿದರು. ದಾವೀದಪ್ಪನನ್ನು ಬಾವಿಯ ಹತ್ತಿರ ಹಿಡಿದು ಬಡಿದರು, ಕೊಡ ಒಡೆದರು. ಓಣಿಯ ಹೆಂಗಸರು, ಆಯಿಯೇ ಹೆರಿಗೆ ಮಾಡಿಸಿದ ಹೆಂಗಸರು, ಅವಳನ್ನು ಕಂಡರೆ ಬಾಗಿಲು ಮುಚ್ಚಿಕೊಂಡರು. ಹಳ್ಳದಲ್ಲಿ ಒರತೆ ತೋಡಿ, ಕೆಸರು ನೀರನ್ನು ಸೋಸಿ ಕುಡಿದರು ಗಂಡ ಹೆಂಡತಿ. ಮತ್ತು ಕೇಳಿ, ಆಯಿ ಆಗ ತುಂಬು ಬಸುರಿ. ಊರಿಗೆಲ್ಲ ಸೂಲಗಿತ್ತಿಯಾದವಳಿಗೆ ಸೂಲಗಿತ್ತಿಯಾಗಿ ಬರುವವರು ಊರಲ್ಲಿ ಒಬ್ಬರೂ ಇರಲಿಲ್ಲ.

ದಾವೀದಪ್ಪ ಹೊಸ ಸರ್ಕಾರವನ್ನು ನಂಬಿ ಔರಾದಿಗೆ ಹೋದ. ಕಚೇರಿಯ ಮುಂದೆ ಕೂರುವ ಮುನ್ಶಿಯಿಂದ ಫಿರ್ಯಾದು ಬರೆಸಿದ. ಮುನ್ಶಿಗೆ ಗೊತ್ತಿದ್ದದ್ದು ಉರ್ದು, ಅಲ್ಲಿಯ ತನಕ ಕಚೇರಿ ನಡೆದದ್ದೂ ಉರ್ದುವಿನಲ್ಲೇ. ಒಳಗೆ ಮೈಸೂರು ಕಡೆಯಿಂದ ಬಂದ ಹೊಸ ಸಾಹೇಬ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಏನಯ್ಯಾ ಇದು? ಕನ್ನಡದಲ್ಲಿ ಬರೆಸಿಕೊಂಡು ಬಾರಯ್ಯ, ಹೋಗು” ಎಂದನಂತೆ.

“ಅಂವ ಏನಂದ ಅಂತ ಇವಗ ತಿಳೀಲಿಲ್ಲ, ಇಂವ ಏನಂದ ಅಂತ ಅವಗ ತಿಳೀಲಿಲ್ಲ. ಇಬ್ರೂ ಮಾತಾಡಿದ್ದು ಕನ್ನಡನೇ!” ಎಂದು ಆಯಿ ಕೂಸಿನ ಮೇಲೆ ನೀರು ಹೊಯ್ಯುತ್ತ ನಕ್ಕಳು. ನನಗೆ ನಗು ಬರಲಿಲ್ಲ.

ಕೊನೆಗೆ ಬೀದರಿನಿಂದ ದೊಡ್ಡ ಪಾದ್ರಿ ಬಂದರು. ಅದೇ, ಗೋಡೆಯ ಮೇಲಿನ ಕಲ್ಲಿನವರು. ಗಂಡ ಹೆಂಡತಿಯ ತಲೆಯ ಮೇಲೆ ನೀರು ಹಾಕಿ ದೀಕ್ಷಾಸ್ನಾನ ಕೊಟ್ಟವರೂ ಅವರೇ. ಅವರು ಬಂದ ಸುದ್ದಿ ಕೇಳಿ ದಾವೀದಪ್ಪ ಅತ್ತುಬಿಟ್ಟನಂತೆ, ನಮ್ಮವರು ಬಂದರು ಎಂದು. ಪಾದ್ರಿ ಮೊದಲು ಹೋದದ್ದು ವಾಡೆಗೆ. ಅಲ್ಲಿ ಚಹಾ ಕುಡಿದು, ಬಹಳ ಹೊತ್ತು ಕೂತು, ಆಮೇಲೆ ಓಣಿಗೆ ಇಳಿದರು.

“ಎಸ್ತೇರ, ಒಂದು ಕಾಯಿ ಒಡದ್ರ ಏನಾಗ್ತದ? ದೇವ್ರು ಕೈ ನೋಡಂಗಿಲ್ಲ, ಮನಸ್ಸ ನೋಡ್ತಾನ.”

“ಏನ್ ಹೇಳ್ಲಕತ್ತೀರಿ ಅಯ್ಯನವ್ರ?”

“ಪಾಟೀಲ್ರು ಸಾಲಿಗೆ ಜಾಗಾ ಕೊಡ್ತೇನಿ ಅಂದಾರ. ನಿಮ್ಮ ಓಣಿ ಹುಡುಗ್ರು ಅಕ್ಷರಾ ಕಲೀತಾವ. ನಿನ್ನ ಒಬ್ಬಾಕಿ ಹಟಕ್ಕ ಅವರ ಬಾಳೇವ ಹಾಳ ಮಾಡ್ತಿಯೇನು?”

“ನನ್ನ ತಲಿ ಮ್ಯಾಲ ನೀರ್ ಹಾಕಿದ ದಿನ ಏನ್ ಹೇಳಸ್ಕೊಂಡ್ರಿ ನೀವು? ಕೊನಿ ತನಕ ಅವನ ಕೈ ಬಿಡಲ್ಲ ಅಂತ ಹೇಳಸ್ಕೊಂಡ್ರಿಲ್ಲ?”

“ಅದು ಬ್ಯಾರೆ.”

“ಹ್ಯಾಂಗ ಬ್ಯಾರೆ?”

ಪಾದ್ರಿ ಟೋಪಿ ಹಾಕಿಕೊಂಡು ಎದ್ದರು. ಅಂಗಳ ದಾಟುವಾಗ ದಾವೀದಪ್ಪನ ಹೆಗಲ ಮೇಲೆ ಕೈ ಇಟ್ಟು ಮೆಲ್ಲಗೆ, “ಅಕಿ ಒಡೀದಿದ್ರ ನೀ ಒಡಿ. ಏನೂ ಆಗಂಗಿಲ್ಲ, ನಾ ಅದೇನಿ” ಎಂದರು. ಆಯಿಗೆ ಒಳಗಿಂದ ಕೇಳಿಸಿತು.

ಮಾರನೆಯ ಬೆಳಿಗ್ಗೆ ದಾವೀದಪ್ಪ ಎಲ್ಲಿಗೋ ಹೋಗಿ ತುಂಬಿದ ಕೊಡ ಹೊತ್ತುಕೊಂಡು ಬಂದ. ಊರ ಬಾವಿಯ ಸಿಹಿನೀರು. ಅವನ ಹಣೆಯ ಮೇಲೆ ಕುಂಕುಮವಿತ್ತು. ಗಂಡ ಒಡೆದರೆ ಹೆಂಡತಿಯೂ ಒಡೆದ ಹಾಗೇ ಎಂದು ಪಾಟೀಲ ಒಪ್ಪಿಕೊಂಡಿದ್ದ.

“ಅಂವಗ ಪಾಟೀಲನ ಅಂಜಿಕಿ ಇರ್ಲಿಲ್ಲ, ತಿಳೀತಾ? ಬಡಸ್ಕೊಂಡಾಗ ಅಂಜಲಿಲ್ಲ. ನನ್ನ ಹೊಟ್ಟಿ ನೋಡಿ ಅಂಜಿದ. ನನ್ನ ಬಾಯಿ ಒಣಗಿತ್ತು ನೋಡು, ಕೊಡದಾಗ ನೀರ್ ಅಲುಗೋ ಸಪ್ಪಳ ಈಗೂ ಕಿವ್ಯಾಗ ಅದ. ಎತ್ತಿ ಅಂಗಳಕ್ಕ ಸುರವಿದೆ. ಅಂವ ‘ಬ್ಯಾಡ ಎಸ್ತೇರ, ನಿನ್ನ ಕಾಲ ಬೀಳ್ತೇನಿ, ಒಂದ್ ಗುಟಕಾ ಕುಡಿ’ ಅಂತ ಮಣ್ಣಾಗ ಹೋಗೋ ನೀರಿಗೆ ಬೊಗಸಿ ಹಿಡದ.”

ಆಯಿ ಗಂಟು ಕಟ್ಟಿಕೊಂಡು ಹೊರಟಳು. ಭಾಲ್ಕಿಗೆ ಹೋದರೆ ರೈಲು, ರೈಲು ಹತ್ತಿದರೆ ಬೀದರ, ಬೀದರಿನಲ್ಲಿ ದವಾಖಾನೆ. ನಡೆದು, ಸಿಕ್ಕ ಬಂಡಿ ಹತ್ತಿ, ಮತ್ತೆ ನಡೆದು. ಹಿಂದೆ ಹತ್ತು ಮಾರು ದೂರದಲ್ಲಿ ಗಂಡ, ಬೆನ್ನಿಗೆ ಹಲಗೆ, ಬೆವರಿಗೆ ಕುಂಕುಮ ಮೂಗಿನ ತನಕ ಇಳಿದಿತ್ತು. ಭಾಲ್ಕಿ ಸ್ಟೇಷನ್ ಮುಟ್ಟುವುದಕ್ಕೂ ನೋವು ಬರುವುದಕ್ಕೂ ಸರಿಹೋಯಿತು. ಹೊರಗೆ ಖಾಜಾಬಿ ಎಂಬ ಹೆಂಗಸು ಚಹಾ ಮಾರುತ್ತಿದ್ದಳು. ಪೊಲೀಸ್ ಆ್ಯಕ್ಷನ್ನಿನ ದಿನಗಳಲ್ಲಿ, ನಿಜಾಮನ ರಾಜ್ಯ ಬಿದ್ದಾಗಿನ ಗಲಭೆಯಲ್ಲಿ, ಗಂಡನನ್ನು ಕಳೆದುಕೊಂಡವಳು. ಊರು ಎನ್ನುವುದು ತಿರುಗಿಬಿದ್ದರೆ ಏನಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಅಮ್ಮಾ, ಬ್ಲೇಡ್ ಕುದಸಬೇಕು, ಯಾವ್ದಾದ್ರೂ ಹಳೇ ಪಾತ್ರಿ ಕೊಡ್ರಿ. ನಾವು ಕೆಳಗಿನ ಓಣಿಯವ್ರು, ಮೊದ್ಲೇ ಹೇಳ್ತೇನಿ.”

“ಯಾ ಅಲ್ಲಾ! ಜಾನ್ ಹೋಗ್ಲಕತ್ತದ, ಓಣಿ ಹೇಳ್ಲಕತ್ತಾಳ ನೋಡು ಹುಚ್ಚಿ!”

ಖಾಜಾಬಿ ಕುದಿಯುತ್ತಿದ್ದ ಚಹಾವನ್ನು ಅಷ್ಟೂ ನೆಲಕ್ಕೆ ಚೆಲ್ಲಿ, ತೊಳೆದು, ಅದೇ ದೇಗ್ಚಿಗೆ ನೀರು ಹಾಕಿ ಒಲೆಗಿಟ್ಟಳು. ನಾಲ್ಕು ಸೀರೆ ಅಡ್ಡ ಹಿಡಿದು, ಹಾಡುಹಗಲಿನಲ್ಲಿ, ಸ್ಟೇಷನ್ನಿನ ಗೋಡೆಯ ಮಗ್ಗುಲಲ್ಲಿ ಆಯಿಯ ಮಗಳು ರಾಹೇಲಳು ಹುಟ್ಟಿದಳು. ಬೀದರಿನ ರೈಲು ಹತ್ತುವಾಗ ಖಾಜಾಬಿ ಆ ದೇಗ್ಚಿಯನ್ನೇ ಗಂಟಿಗೆ ತುರುಕಿದಳು. ಈಗ ಸ್ಟವ್ ಮೇಲೆ ಕುದಿಯುವುದು ಅದೇ.

ನಾನು ಹೇಳಿದೆ, “ಆ ಪಾಟೀಲನ್ನ ಮಾಫಿ ಮಾಡಬ್ಯಾಡ ಆಯಿ. ಚಲೋನೇ ಮಾಡೀದಿ.”

“ಅಂವನ ಸುದ್ದಿ ಯಾರ್ ಹೇಳಿದ್ರು ನಿನಗ?” ಎಂದಳು. “ಅಂವನ ಮೊಮ್ಮಗಳೇ ಬಂದಿದ್ಲು ನನ್ನ ವಾರ್ಡಿಗೆ, ಕೂಸು ಅಡ್ಡ ಸಿಕ್ಕಿತ್ತು. ಅಕಿ ಕೂಡ ಬಂದಾಕಿ ಆ ಸತ್ತ ಕೂಸಿನ ತಾಯಿ, ಮುದಿಕಿ ಆಗಿದ್ಲು. ನನ್ನ ನೋಡಿ ಗ್ವಾಡಿ ಹಿಡ್ಕೊಂಡು ನಿಂತ್ಲು. ನಾ ಡಾಕ್ಟರಮ್ಮನ ಕೂಡ ನಿಂತು ಎಲ್ಲಾ ಮಾಡಿದೆ. ಕೂಸ ತೊಳದು ಅಕಿ ಕೈಯಾಗ ಕೊಟ್ಟೆ. ಬಿಸಿನೀರಿನ ಪಾತ್ರಿ ಮುಂದ ಇಟ್ಟು, ಮುಟ್ರಿ, ಇದು ದವಾಖಾನಿದು, ನಂದಲ್ಲ ಅಂದೆ. ಅಕಿ ಪಾತ್ರಿ ಬಿಟ್ಟು ನನ್ನ ಕೈ ಹಿಡ್ಕೊಂಡು ಅತ್ಲು. ಮಗಾ ಸತ್ತಿದ್ದು ಅಕಿದೂ ಅಲ್ಲೇನು? ಆ ಮನಿ ಮಾತು ಅಲ್ಲಿಗೆ ಮುಗೀತು. ಅವ್ರಿಗೆ ನನ್ನ ದೇವ್ರು ಗೊತ್ತಿರ್ಲಿಲ್ಲ.”

“ಮತ್ತ ಯಾರನ್ನ ಬಿಟ್ಟಿಲ್ಲ?”

ಆಯಿ ಕೂಸನ್ನು ಟವೆಲಿನಲ್ಲಿ ಸುತ್ತಿ ನನ್ನ ಮಡಿಲಿಗೆ ಹಾಕಿದಳು. ಆಮೇಲೆ ಹೇಳಿದಳು.

ಬೀದರಿಗೆ ಬಂದು ಕೆಲವು ತಿಂಗಳಾಗಿತ್ತು. ಕಾಯಿ ಒಡೆದ ಸುದ್ದಿ ಮಿಶನ್ನಿನ ಮೇಲಿನವರ ಕಿವಿಗೆ ಬಿತ್ತು. ಸಭೆಯವರು ವಿಗ್ರಹಕ್ಕೆ ಕಾಯಿ ಒಡೆದರಂತೆ, ಪಾದ್ರಿಗಳು ಏನು ಮಾಡುತ್ತಿದ್ದರು ಎಂದು ಪ್ರಶ್ನೆ ಬಂತು. ಮುಂದಿನ ರವಿವಾರ ದೊಡ್ಡ ಪಾದ್ರಿ ಬಿಳಿ ನಿಲುವಂಗಿ ತೊಟ್ಟು ಪೀಠದ ಮೇಲೆ ನಿಂತು, ದಾವೀದಪ್ಪನ ಹೆಸರು ಹಿಡಿದು, ಇವನು ವಿಶ್ವಾಸದಿಂದ ಬಿದ್ದವನು, ವರ್ಷದ ತನಕ ಇವನಿಗೆ ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸವಿಲ್ಲ ಎಂದು ಸಾರಿದರು. ಆಯಿ ಕಂಕುಳಲ್ಲಿ ಕೂಸು ಹಿಡಿದು ಎದ್ದು ನಿಂತಳು.

“ಅಯ್ಯನವ್ರ, ಒಡಿ ಅಂದವ್ರು ನೀವು. ನಾ ಅದೇನಿ ಅಂದ್ರಿ.”

“ಸಹೋದರಿ ದುಃಖದಾಗ ಅದಾಳ. ನಾ ಹಂಗ ಅಂದಿಲ್ಲ. ಕೂಡಸ್ರಿ ಅಕಿನ್ನ.”

ಇಬ್ಬರು ಹೆಂಗಸರು ಭುಜ ಹಿಡಿದು ಕೂರಿಸಿದರು. ದಾವೀದಪ್ಪ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ವರ್ಷ ಕಳೆಯಿತು, ಇನ್ನು ಬರಬಹುದು ಎಂದು ಹೇಳಿಕಳಿಸಿದರು. ‘ಒಳಗ ಬಂದು ಯಾರ ಕೈಲಿಂದ ತೊಗೊಳ್ಳಿ?’ ಎಂದ. ಆ ಪಾದ್ರಿ ಪ್ರತಿ ವಾರ ಅವನನ್ನು ದಾಟಿಕೊಂಡೇ ಒಳಗೆ ಹೋಗುತ್ತಿದ್ದರು. ಒಂದು ದಿನ, ಒಂದೇ ಒಂದು ದಿನ, ನಿಂತು ‘ನಾನೇ ಹೇಳಿದ್ದೆ, ಬಾ’ ಎನ್ನಲಿಲ್ಲ. ನಿವೃತ್ತರಾದರು, ಸತ್ತರು, ಕಲ್ಲಾದರು. ನಂಬಿಗಸ್ತನಂತೆ!

“ನನಗ ಮಾಡಿದ್ದು ಆಗಿದ್ರ ಎಂದೋ ಬಿಟ್ಟಿರ್ತಿದ್ದೆ,” ಎಂದಳು ಆಯಿ. “ಇದು ನನ್ನ ಗಂಡಗ ಮಾಡಿದ್ದು. ಅಂವ ನನಗ ನೀರ್ ತರಾಕ ಒಡದ, ಇಂವ ಜಾಗಾ ಸಲುವಾಗಿ ಒಡಸಿದ. ಒಡಸಿ ಇಲ್ಲ ಅಂದ. ನನ್ನ ಗಂಡಂದು ನಾ ಹ್ಯಾಂಗ ಬಿಟ್ಟುಕೊಡ್ಲಿ? ಅಂವ ಮ್ಯಾಲ ಹೋಗ್ಯಾನ, ಬಿಡೋದಿದ್ರ ಅಂವನೇ ಬಿಡ್ಲಿ.”

“ಬೇರೆ ಚರ್ಚಿಗೆ ಹೋಗಬಹುದಿತ್ತಲ್ಲ?”

“ಯಾಕ? ಯೇಸು ಏನ್ ಆ ಪಾದ್ರಿಯ ಅಪ್ಪನ ಆಸ್ತಿಯೇನು? ಊರೇ ಅಡ್ಡ ಬಿದ್ರೂ ಬಿಡಲಿಲ್ಲ, ಒಬ್ಬ ಸುಳ್ಳಗ ಅಂಜಿ ಬಿಡ್ತೇನಾ? ಹೋಗೋದಿದ್ರ ಅಂವ ಹೋಗ್ಲಿ, ಆ ಕಲ್ಲ ಕಿತಗೊಂಡು.”

ಪರದೆಯ ಆಚೆ ಪೇಪರು ಸದ್ದಾಯಿತು. ನಮ್ಮಪ್ಪ ಅಕ್ಷರ ಕಲಿತದ್ದು ಅದೇ ಶಾಲೆಯಲ್ಲಿ, ಪಾಟೀಲ ಕೊಟ್ಟ ಜಾಗದ ಶಾಲೆಯಲ್ಲಿ. ಅವನು ಮಾಸ್ತರನಾದದ್ದು, ನಾನು ಓದಿದ್ದು, ಇವತ್ತು ಇದನ್ನು ಬರೆಯುತ್ತಿರುವುದು, ಎಲ್ಲದರ ಬುಡದಲ್ಲಿ ಆ ಒಡೆದ ಕಾಯಿ ಇದೆ. ಚರ್ಚ್ ಕಮಿಟಿಯಲ್ಲಿ ಎದ್ದು ನಿಂತು ‘ಆ ಮಹಾನುಭಾವರು ಇಲ್ಲದಿದ್ದರೆ ನಾನು ದನ ಕಾಯುತ್ತಿದ್ದೆ’ ಎಂದು ಆ ಕಲ್ಲು ಹಾಕಿಸಿದವರಲ್ಲಿ ಅಪ್ಪನೂ ಒಬ್ಬ. ಆಗ ಅವನು ಸಣ್ಣ ಹುಡುಗ, ಜಾಗದ ಹಿಂದಿನ ಈ ವ್ಯವಹಾರ ಅವನಿಗೆ ಗೊತ್ತಿರಲಿಲ್ಲ.

“ಏ ಮಾಸ್ತರ,” ಆಯಿ ಪರದೆಗೆ ಹೇಳಿದಳು, “ಮಾರಿ ಸಣ್ಣ ಮಾಡಬ್ಯಾಡ. ನೀ ಕಲ್ತದ್ದು ಚಲೋ ಆಯ್ತು. ಅಕ್ಷರದ್ದೇನ್ ತಪ್ಪದ?”

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದವನು ಊಟದ ಹೊತ್ತಿಗೂ ಬರಲಿಲ್ಲ. ಆಮೇಲೆ ಕಮಿಟಿಯಲ್ಲಿ ಕಲ್ಲು ತೆಗೆಸುವ ಮಾತೆತ್ತಿದನಂತೆ. ‘ಸತ್ತವರ ಸುದ್ದಿ ಯಾಕ ಮಾಸ್ತರ, ಸಭೆ ಒಡೀತದ’ ಎಂದರು. ಸಭೆ ಒಡೆಯುತ್ತದೆ! ಒಬ್ಬ ಮನುಷ್ಯನನ್ನು ಜೀವಮಾನವೆಲ್ಲ ಮೆಟ್ಟಿಲ ಮೇಲೆ ಕೂರಿಸಿದಾಗ ಅದು ಒಡೆದಿರಲಿಲ್ಲ, ಇಡಿಯಾಗೇ ಇತ್ತು ಎಂದು ಲೆಕ್ಕ.

ಆಯಿಯನ್ನು ಕೊನೆಯದಾಗಿ ನೋಡಿದ್ದು ಅವಳ ಮನೆಯಲ್ಲಿ, ಒಂದು ಮಧ್ಯಾಹ್ನ. ಮೈ ಪೂರ್ತಿ ಇಳಿದಿತ್ತು, ಅಂಗೈ ಮಾತ್ರ ಅಷ್ಟೇ ದೊಡ್ಡದಿತ್ತು. ನಾನು, ಅಪ್ಪ, ರಾಹೇಲಕ್ಕ ಇದ್ದೆವು. ಹೊಸ ಪಾಸ್ಟರು ಬಂದಿದ್ದರು, ವಯಸ್ಸಿನ ಹುಡುಗ, ಕೆಟ್ಟವನಲ್ಲ.

“ಆಯಿ, ಇವತ್ತರ ಪೂರ್ತಿ ಹೇಳ್ರಿ. ಮನಸ್ಸ ಹಗರ ಆಗ್ತದ.”

“ನನ್ನ ಮನಸ್ಸ ಹಗರೇ ಅದ ತಮ್ಮಾ. ಭಾರ ಇರೋದು ನಿಮ್ಮ ಗ್ವಾಡ್ಯಾಗಿನ ಕಲ್ಲು.”

ಪ್ರಾರ್ಥನೆ ಶುರುವಾಯಿತು. ದನಿ ಹೋಗಿತ್ತು, ಬರೀ ಉಸಿರು. ಆ ಮಾತಿಗೆ ಬಂದಾಗ ಆಯಿ ನಿಂತಳು. ಪಾಸ್ಟರೂ ನಿಂತರು, ಬಗ್ಗಿ ಕಾದರು. ನಾವೆಲ್ಲ ಕಾದೆವು. ಸ್ಟವ್ ಮೇಲೆ ದೇಗ್ಚಿ ಕುದಿಯುತ್ತಿತ್ತು. ಆಯಿ ಕಣ್ಣು ತೆರೆದು, ‘ಮುಂದ ನಡೀರಿ’ ಎನ್ನುವ ಹಾಗೆ ಆ ದೊಡ್ಡ ಕೈಯನ್ನು ಆಡಿಸಿ, ಮುಂದಿನ ಮಾತಿನಿಂದ ಹಿಡಿದು ಕೊನೆಯ ಆಮೆನ್ ತನಕ ತಾನೇ ಹೇಳಿದಳು. ಆಮೇಲೆ ಅಪ್ಪನನ್ನು ಹತ್ತಿರ ಕರೆದಳು.

“ಮಾಸ್ತರ, ನನ್ನ ಪೆಟಗಿ ಒಳಗ ಒಯ್ಬ್ಯಾಡ್ರಿ. ಜಿಂದಗಿಭರ ಅಂವ ಹೊರಗ ಕುಂತಾನ, ನಾ ಒಳಗ ಕುಂತೀನಿ. ಅವತ್ತರ ಮೆಟ್ಲ ಮ್ಯಾಲ ಅಂವನ ಬಾಜೂಕ ಇಡ್ರಿ ನನಗ.”

ಮಣ್ಣಿನ ದಿನ ಒಳಗೆ ಎಲ್ಲ ತಯಾರಾಗಿತ್ತು. ಬೆಂಚು, ಹೂವು, ಮೈಕು. ಜನ ಚಪ್ಪಲಿ ಬಿಟ್ಟು ಒಳಗೆ ಕೂತಿದ್ದರು. ಪೆಟ್ಟಿಗೆ ಹೊತ್ತವರಲ್ಲಿ ಅಪ್ಪ ಮುಂದಿದ್ದ, ಆ ವಯಸ್ಸಿನಲ್ಲಿ. ಮೆಟ್ಟಿಲಿಗೆ ಬಂದವನೇ, “ಇಳಸ್ರಿ” ಎಂದ.

ಕಮಿಟಿಯ ಹಿರಿಯರೊಬ್ಬರು ಓಡಿಬಂದರು. “ಮಾಸ್ತರ, ಏನ್ ಮಾಡ್ಲಕತ್ತೀರಿ? ಒಳಗ ತರ್ರಿ, ಜನಾ ಕುಂತಾರ.”

“ಜನಾ ಹೊರಗ ಬರ್ಲಿ.”

“ಇದು ಪದ್ಧತಿ ಅಲ್ರಿ!”

“ಇಲ್ಲೇ ದಾವೀದಪ್ಪನ್ನ ಕುಂಡರಸಿದ್ದು ಯಾವ ಪದ್ಧತಿ? ನೀವೂ ಅಂವ ಜೋಡಿಸಿಟ್ಟ ಚಪ್ಲಿ ಮೆಟ್ಕೊಂಡೇ ಮನಿಗೆ ಹೋಗೀರಿ. ಇಳಸ್ರಿ ಅಂದೆ!”

ನಮ್ಮಪ್ಪ ಜೋರಾಗಿ ಮಾತಾಡಿದ್ದನ್ನು ನಾನು ಆ ಚರ್ಚಿನಲ್ಲಿ ಕೇಳಿದ್ದು ಅದೊಂದೇ ಸಲ. ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ, ದಾವೀದಪ್ಪ ಕೂರುತ್ತಿದ್ದ ಮೂಲೆಗೆ ಒತ್ತಿ ಇಳಿಸಿದರು. ರಾಹೇಲಕ್ಕ ಗೋಡೆಯ ಹಲಗೆಯನ್ನು ತಂದಿದ್ದಳು, ಪಕ್ಕಕ್ಕೆ ಒರಗಿಸಿದಳು.  ಆಮೇಲೆ ಮುದುಕಿಯರು ಮೊದಲು ಎದ್ದು ಬಂದರು, ಅವರ ಹಿಂದೆ ಉಳಿದವರು, ಕೊನೆಗೆ ನಿಲುವಂಗಿ ಎತ್ತಿಕೊಂಡು ಪಾಸ್ಟರು. ಸುಡುವ ಬಿಸಿಲಲ್ಲಿ ಬರಿಗಾಲಲ್ಲಿ ನಿಂತೆವು ಎಲ್ಲರೂ.

ಪಾಸ್ಟರು ಹೇಳುತ್ತ ಹೇಳುತ್ತ, “ನಮ್ಮ ಆಯಿ ಕೊನೇ ಗಳಿಗ್ಯಾಗ ಎಲ್ಲಾರನ್ನೂ ಕ್ಷಮಿಸಿ…” ಎಂದರು.

“ಇಲ್ರಿ,” ಎಂದಳು ರಾಹೇಲಕ್ಕ ಅಲ್ಲಿಂದಲೇ. “ನೀವು ಅಲ್ಲೇ ಇದ್ರಿ. ಅಕಿ ಮುಂದ ನಿಂತು ಸುಳ್ಳ ಹೇಳಬ್ಯಾಡ್ರಿ.”

ಪಾಸ್ಟರು ಕೆಂಪಾದರು, ಪುಸ್ತಕ ಮುಚ್ಚಿದರು. ಪ್ರಾರ್ಥನೆಗೆ ಇಳಿದರು. ಎಲ್ಲರೂ ಸೇರಿಕೊಂಡೆವು. ನಮ್ಮಪ್ಪನ ಮಾಸ್ತರಿಕೆಯ ದನಿ ನನ್ನ ಬಲಗಡೆ ಸ್ಪಷ್ಟ ಕೇಳುತ್ತಿತ್ತು. ಆ ಮಾತು ಬಂತು. ದನಿ ನಿಂತಿತು. ತಿರುಗಿ ನೋಡಿದೆ, ಅಪ್ಪ ತುಟಿ ಬಿಗಿಹಿಡಿದು ಪೆಟ್ಟಿಗೆಯನ್ನೇ ನೋಡುತ್ತಿದ್ದ. ನಾನೂ ಬಾಯಿ ಮುಚ್ಚಿದೆ. ಇನ್ನು ಯಾರು ಯಾರು ಮುಚ್ಚಿದರೋ ನನಗೆ ಗೊತ್ತಿಲ್ಲ, ಆದರೆ ಆ ಮಾತು ಆವತ್ತು ಬಹಳ ಸಣ್ಣದಾಗಿ ಕೇಳಿಸಿತು.

ಪೆಟ್ಟಿಗೆ ಎತ್ತುವ ಮುಂಚೆ ಒಳಗೊಮ್ಮೆ ನೋಡಿದೆ. ಫ್ಯಾನುಗಳು ತಿರುಗುತ್ತಿದ್ದವು, ಮೈಕು ಗುಂಯ್ ಎನ್ನುತ್ತಿತ್ತು. ಖಾಲಿ ಚಾಪೆಗಳ ಮೇಲೆ ಆ ಬಿಳಿ ಕಲ್ಲು, ಅದರ ಮುಂದೆ ಒಬ್ಬರೂ ಇರಲಿಲ್ಲ.